ಇಲ್ಲದ ಹೊಸ್ತಿಲು ದಾಟುವ ಅತ್ತೆ

ನಮ್ಮ ಸೋದರತ್ತೆ ಗೋಡೆಯ ಮೂಲಕ ನಡೆದುಹೋಗುವುದಿಲ್ಲ. ಅದರಲ್ಲೇನು ವಿಶೇಷ ಎನ್ನುತ್ತೀರಾ? ಆ ಗೋಡೆ ಒಡೆದು ಎರಡು ವರ್ಷವಾಯಿತು ಸ್ವಾಮಿ!

ಚೆನ್ನೈನ ಎಗ್ಮೋರಿನಲ್ಲಿ ಅವರ ಫ್ಲ್ಯಾಟಿದ್ದ ಹಳೆಯ ಕಟ್ಟಡವನ್ನು ಬಿಲ್ಡರ್ ಕಂಬಗಳಷ್ಟನ್ನೇ ಉಳಿಸಿ, ಒಳಗಿನದೆಲ್ಲ ಕೆಡವಿ, ಲಕ್ಷುರಿ ಮನೆಗಳನ್ನು ಮಾಡಿಕೊಟ್ಟ. ಅಷ್ಟು ದಿನ ಪಲ್ಲಾವರಂನ ನಮ್ಮ ಮನೆಯಲ್ಲಿದ್ದ ಅತ್ತೆ, ಹಾಲುಕ್ಕಿಸಿ ತಮ್ಮ ಮನೆಗೆ ವಾಪಸಾದರು. ಈಗ ಅಡುಗೆಮನೆ, ಊಟದ ಮನೆ, ಹಾಲ್ ಎಲ್ಲ ಒಂದೇ ಬಯಲು. ಅತ್ತೆಯ ಕಾಲುಗಳಿಗೆ ಮಾತ್ರ ಈ ಸುದ್ದಿ ತಲುಪಿಲ್ಲ. ಒಲೆಯಿಂದ ಎಡಕ್ಕೆ ನಾಲ್ಕು ಹೆಜ್ಜೆ, ಅಲ್ಲಿ ನಿರಿಗೆ ಹಿಡಿದು, ಕಾಲೆತ್ತಿ, ಇಲ್ಲದ ಹೊಸ್ತಿಲು ದಾಟಿಯೇ ಹಾಲಿಗೆ ಬರಬೇಕು!

ಮೊದಲ ದಿನ ನಾನು ಕಾಫಿಗೆ ಕೈ ಚಾಚಿದರೆ ಲೋಟ ಹಿಂದಕ್ಕೆಳೆದುಕೊಂಡರು.

"ಹೊಸ್ತಿಲಿನ ಆಚೆ ಈಚೆ ನಿಂತು ಯಾರಾದ್ರೂ ಕೊಡೋದು ತಗೊಳ್ಳೋದು ಮಾಡ್ತಾರೇನೋ? ದಾಟಿ ಬಾ!"

ಕಾಫಿ ಬೇಕಿತ್ತು, ದಾಟಿದೆ.

ಬಿಲ್ಡರನ ಇಂಜಿನಿಯರ್ ಒಮ್ಮೆ, "ಮಾಮಿ, ಇಂಗೆ ಸುವರೇ ಇಲ್ಲೆಯೇ!" ಎಂದು ಗೋಡೆಯಿದ್ದ ಕಡೆ ಕೈಬೀಸಿ, ಗೋಡೆಯೇ ಇಲ್ಲವೆಂದು ತೋರಿಸಿದ. "ಒಡೆದವನು ನೀನು, ನಿನಗೆಲ್ಲಿ ಕಾಣ್ಬೇಕಪ್ಪಾ!" ಎಂದರು ಅತ್ತೆ. ಮೂರನೇ ಸಲ ಬಂದಾಗ ಆ ಮನುಷ್ಯನೂ ಕಾಲೆತ್ತಿ ದಾಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇಲ್ಲಿಯತನಕ ನಗಬಹುದು. ಒಂದು ಮಧ್ಯಾಹ್ನ ಅವರ ಹಾಲಿನಲ್ಲಿ ತೂಕಡಿಸುತ್ತಿದ್ದೆ. "ಸ್ವಲ್ಪ ಕಾಲು ಮಡಚ್ಕೊಳ್ಳಿ" ಎಂಬ ಅತ್ತೆಯ ದನಿ ಕೇಳಿ ಕಾಲೆಳೆದುಕೊಂಡೆ. ಕಣ್ಣು ಬಿಟ್ಟರೆ ಅತ್ತೆ ದೂರದಲ್ಲಿ, ಕಿಟಕಿಯ ಬಳಿ, ಖಾಲಿ ನೆಲವನ್ನು ಬಳಸಿಕೊಂಡು ಹೋಗುತ್ತಿದ್ದಾರೆ! ಅದು ಮಾವನ ಈಸಿಚೇರಿದ್ದ ಜಾಗ. ಕಟ್ಟಡ ಕೆಡಹುವ ಮೊದಲೇ ಮಾವ ಹೋದರು. ಕುರ್ಚಿ ಗುಜರಿಗೆ ಹೋಯಿತು.

ಅವರ ಹಿಂದೆಯೇ ಮೂರು ವರ್ಷದ ಮೊಮ್ಮಗಳು ಓಡಿಬಂದು, ಅಲ್ಲಿಗೆ ಬರುತ್ತಲೇ ಬಳಸಿಕೊಂಡು ಹೋದಳು.

"ಯಾಕೆ ಪುಟ್ಟಿ, ನೇರ ಹೋಗಬಾರದಾ?"

"ತಾತಾ ಕಾಲ್ ಇರುಕ್ಕು."

ತಾತನ ಕಾಲಿದೆಯಂತೆ! ಮಾವ ತೀರಿಕೊಂಡಾಗ ಈ ಮಗು ಹುಟ್ಟಿರಲೇ ಇಲ್ಲ!

ವಿಷಯ ಕೇಳಿ ಅತ್ತೆಯ ಮಗನಿಗೆ ಹೆದರಿಕೆ. "ಅಮ್ಮನ್ನ ನೋಡಿ ಮಗೂನೂ ಕಲೀತಿದೆ. ನಾಳೆ ಅಲ್ಲೇ ಸೋಫಾ ಹಾಕಿಸ್ತೀನಿ. ಆಮೇಲೂ ಹೀಗೇ ಆದ್ರೆ ಡಾಕ್ಟರ್ ಹತ್ರ ಹೋಗೋದೇ" ಎಂದ.

ಮರುದಿನ ಸೋಫಾ ಬಂತು. ಎಲ್ಲರ ಜೊತೆ ವಾದ ಮಾಡುವ ಅತ್ತೆ ಅಂದು ಮಾತ್ರ ಇಲ್ಲದ ಬಾಗಿಲುವಾಡವನ್ನು ಒಂದು ಕೈಯಲ್ಲಿ ಹಿಡಿದು, ಹೊಸ್ತಿಲ ಆಚೆ ನಿಂತು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಈ ಕಡೆ ಗೋಡೆಗೆ ಹಾಕಿ. ಅಲ್ಲಿ ಜಾಗ ಇಲ್ಲ" ಎಂದೆ ಹೊತ್ತು ತಂದವರಿಗೆ.

"ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆ, ನಿನಗೂ ತಲೆ ಕೆಟ್ಟಿತೇನೋ?" ಎಂದು ಅತ್ತೆಯ ಮಗ ಸಿಟ್ಟಿನಿಂದ ನನ್ನತ್ತ ನುಗ್ಗಿದ. ಕಿಟಕಿಯ ಬಳಿ ಬಂದವನು ತಟಕ್ಕನೆ ನಿಂತ. ನೆಲ ನೋಡಿದ. ಆಮೇಲೆ ಮೆಲ್ಲಗೆ, ಗೋಡೆಯಂಚಿಗೆ ಸರಿದು, ಬಳಸಿಕೊಂಡು ಬಂದ.

"ತುಳಿದ್ರೆ ಅಪ್ಪ ಬೈತಾರೆ ಕಣೋ" ಎಂದ, ನನ್ನ ಮುಖ ನೋಡದೆ.