ಎಡಗೈಗೊಂದು ರೈಫಲ್

ನಮ್ಮ ಡೊಂಬಿವಲಿಯ ಮನೆಯಲ್ಲಿ ಸೊಳ್ಳೆ ಬ್ಯಾಟಿಗಿಂತ ದೊಡ್ಡ ಆಯುಧ ಎಂದೂ ಇದ್ದದ್ದಿಲ್ಲ. ಅಂಥ ಮನೆಗೆ ರೈಫಲ್ ಬರುತ್ತದೆ, ಅದೂ ನನ್ನ ಹೆಸರಿನಲ್ಲಿ ಬರುತ್ತದೆ ಎಂದು ಯಾರಾದರೂ ಭವಿಷ್ಯ ಹೇಳಿದ್ದರೆ, ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಫ್ಯಾನಿನ ಕೆಳಗೆ ಸ್ವಲ್ಪ ಮಲಗಿ ಎನ್ನುತ್ತಿದ್ದೆ. ನಾನು ಐವತ್ತು ದಾಟಿದ, ಮೊಣಕಾಲು ನೋವಿನ, ತುರ್ಭೆಯ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುವ ಉಡುಪಿ ಕಡೆಯ ಹೆಂಗಸು. ಬದನೆಕಾಯಿಯಲ್ಲಿ ಹುಳ ಕಂಡರೆ ಅದನ್ನು ಕಿಟಕಿಯಾಚೆಯ ತುಳಸಿ ಕುಂಡಕ್ಕೆ ಬಿಟ್ಟು ಬರುವವಳು.

ಇದಕ್ಕೆಲ್ಲ ಕಾರಣ ಮಗಳು. ಕಾಲೇಜಿಗೆ ಸೇರಿದ ಹೊಸದರಲ್ಲಿ ಅವಳಿಗೆ ಠಾಣೆಯ ರೈಫಲ್ ಕ್ಲಬ್ಬಿನ ಹುಚ್ಚು ಹತ್ತಿತು. ರವಿವಾರ ಜೊತೆಗೆ ಹೋಗಿ ಬೆಂಚಿನ ಮೇಲೆ ಬಟಾಣಿ ಸುಲಿಯುತ್ತಾ ಕೂರುವುದು ನನ್ನ ಕೆಲಸ. ಅಲ್ಲಿಯ ಕೋಚ್ ಹಣಮಂತಪ್ಪನವರು ಸೇನೆಯಿಂದ ನಿವೃತ್ತರಾದ ಬೆಳಗಾವಿಯವರು. ಒಂದು ದಿನ, "ಅಕ್ಕಾರ, ಖಾಲಿ ಕುಂತು ಏನ್ ಮಾಡ್ತೀರಿ? ನೀವೂ ಒಂದ್ ಹೊಡೀರಲ್ಲ," ಎಂದು ಏರ್ ರೈಫಲ್ ಕೈಗಿತ್ತರು. ಮಗಳಿಗೆ ಮಳೆಗಾಲ ಮುಗಿಯುವಷ್ಟರಲ್ಲಿ ಬೇಸರ ಬಂತು, ನನಗೆ ಬರಲಿಲ್ಲ. ಆಮೇಲೆ ಕೋಚ್ ನನಗೆ ದೂರದ ಗುರಿಗೆ, ಐವತ್ತು ಮೀಟರಿನ ನಿಜವಾದ ಗುಂಡಿನ ರೈಫಲ್ಲಿಗೆ ಬಡ್ತಿ ಕೊಟ್ಟರು. ಅದನ್ನು ಚಾಪೆಯ ಮೇಲೆ ಬೋರಲು ಮಲಗಿ ಆಡಬೇಕಂತೆ. ನೌಕರಿ, ಅಡಿಗೆ, ಲೋಕಲ್ ಎಂದು ದಿನವಿಡೀ ನಿಂತೇ ಇರುವವಳಿಗೆ ಮಲಗಿ ಆಡುವ ಆಟ ಸಿಕ್ಕಿದರೆ ಬಿಡುವುದುಂಟೆ?

ತೊಂದರೆ ಶುರುವಾದದ್ದು ಬೋಲ್ಟಿನಿಂದ. ಈ ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಒಂದು ಹಿಡಿಯನ್ನು ಎತ್ತಿ ಹಿಂದಕ್ಕೆಳೆದು, ಹೊಸ ಗುಂಡು ಇಟ್ಟು, ಮುಂದಕ್ಕೆ ತಳ್ಳಿ ಮಡಚಬೇಕು. ಕ್ಲಬ್ಬಿನ ಎಲ್ಲ ರೈಫಲ್‌ಗಳ ಹಿಡಿಯೂ ಬಲಕ್ಕೆ. ನಾನೋ ಎಡಚಿ. ಎಡಗೈಯನ್ನು ರೈಫಲ್ಲಿನ ಮೇಲಿಂದ ದಾಟಿಸಿ ಆ ಹಿಡಿ ಎಳೆಯುವಷ್ಟರಲ್ಲಿ, ಅಷ್ಟು ಹೊತ್ತು ಜೋಡಿಸಿಕೊಂಡ ಮೈಯೆಲ್ಲ ಹಗ್ಗ ಬಿಚ್ಚಿದ ಹಾಸಿಗೆ ಸುರುಳಿಯಂತೆ ಹರಡಿಕೊಳ್ಳುತ್ತಿತ್ತು.

"ಅಕ್ಕಾರ, ನಿಮ್ಮ ಎಡಗಣ್ಣು ಮಾಲಕ, ಬಲಗಣ್ಣು ಆಳು," ಎಂದರು ಹಣಮಂತಪ್ಪ. "ಮುಂದಿನ ತಿಂಗಳು ರಾಜ್ಯದ ತಂಡಕ್ಕ ಆಯ್ಕೆ ಐತಿ. ಎಡಗೈ ಬೋಲ್ಟ್ ಸಿಕ್ರ ಹೋಗ್ರಿ. ಇಲ್ಲಾಂದ್ರ ಬ್ಯಾಡ್ರಿ."

ಸ್ವಂತ ರೈಫಲ್ ಇಟ್ಟುಕೊಳ್ಳುವ ಲೈಸೆನ್ಸಿಗೆ ಅರ್ಜಿ ಹಾಕಿ ಬಹಳ ಕಾಲವಾಗಿತ್ತು. ವಿಚಾರಣೆಗೆ ಮನೆಗೆ ಬಂದಿದ್ದ ಪೊಲೀಸರು ಚಹಾ ಕುಡಿಯುತ್ತಾ, "ಸಾಹೇಬರ ಲೈಸೆನ್ಸ್ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದ್ದರು. ನನ್ನದೇ ಎಂದೆ. ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ದೋಸೆ ಸಟ್ಟುಗ ನೋಡಿದರು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಅಂತೂ ಲೈಸೆನ್ಸ್ ಬಂತು. ರೈಫಲ್ ಆರಿಸುವುದೊಂದೇ ಬಾಕಿ.

ಉಪಯೋಗಿಸದವರೇ ಆರಿಸುವುದರಲ್ಲಿ ನಿಪುಣರು ಎಂಬುದು ಸಂಸಾರದಲ್ಲಿ ನಾನು ಕಂಡುಕೊಂಡ ಸತ್ಯ. ನಮ್ಮ ಮಿಕ್ಸಿಯನ್ನು ಆರಿಸಿದ್ದೂ ಇವರೇ, ನನ್ನ ಯಜಮಾನರು. ಈವತ್ತಿಗೂ ಅದನ್ನು ಚಾಲೂ ಮಾಡುವುದು ಹೇಗೆಂದು ಇವರಿಗೆ ಗೊತ್ತಿಲ್ಲ. ಖಾರಘರದಲ್ಲಿ ಹೋಟೆಲು ನಡೆಸುವ ಮೈದುನ ಸುಧಾಕರನ ಮನೆಯಲ್ಲಿ ಸಭೆ ಸೇರಿತು. ಅವನು ಮೊಬೈಲಿನಲ್ಲಿ ವಿಡಿಯೋ ನೋಡಿ ತಜ್ಞನಾಗಿದ್ದ.

"ಅತ್ತಿಗೆ, ತೆಗೊಳ್ಳುವುದಾದರೆ ದೊಡ್ಡದೇ ತೆಗೊಳ್ಳಿ ಮಾರಾಯ್ರೆ. ಬೆರಳುದ್ದದ ಗುಂಡು, ಸಾವಿರ ಮೀಟರ್ ಹೋಗ್ತದೆ," ಎಂದು ಬಾಲ್ಕನಿಯಿಂದ ಗುಡ್ಡದ ಮೇಲಿನ ಮರವೊಂದನ್ನು ತೋರಿಸಿದ.

"ಆ ಮರ ನಿನಗೇನು ಮಾಡಿದೆ?" ಎಂದೆ.

ಇವರು ಇನ್ನೊಂದು ಚಿತ್ರ ತೋರಿಸಿದರು. ಹೊಚ್ಚ ಹೊಸದು, ಅಲ್ಯುಮಿನಿಯಮ್ಮಿನದು, ಮೈತುಂಬ ತಿರುಪು. ಬೋಲ್ಟ್ ಮಾತ್ರ ಬಲಕ್ಕೆ. "ಊಟ ಮಾಡ್ಲಿಕ್ಕೆ ಬಲಗೈ ಕಲಿಯಲಿಲ್ವಾ ನೀನು? ಇದೂ ಹಾಗೇ."

ಕಲಿತಿದ್ದೆ. ಅಜ್ಜಿಯ ಪೆಟ್ಟು ತಿಂದು ಬಲಗೈಯಲ್ಲಿ ಉಣ್ಣಲು ಕಲಿತೆ, ಬರೆಯಲು ಕಲಿತೆ, ಆರತಿ ಎತ್ತಲು ಕಲಿತೆ. ಆ ದಿನ ಯಾಕೋ, ಇನ್ನು ಕಲಿಯಲಾರೆ ಅನ್ನಿಸಿತು. "ಎಡಗೈದು ಸಿಕ್ಕಿದರೆ ತೆಗೊಳ್ಳುವುದು, ಇಲ್ಲದಿದ್ದರೆ ಬಟಾಣಿ ಸುಲಿಯುವುದು," ಎಂದೆ. ಮಗಳು ಮೊಬೈಲಿನಿಂದ ತಲೆಯೆತ್ತಿ, "ಮಮ್ಮಿ ಸಹೀ ಬೋಲ್ ರಹೀ ಹೈ," ಎಂದಳು. ನನ್ನ ಕಡೆ ಬಿದ್ದ ಮತ ಅದೊಂದೇ.

ಹಣಮಂತಪ್ಪನವರೇ ಹುಡುಕಿ ಕೊಟ್ಟರು. ಅಂಬರನಾಥದಲ್ಲಿ ಕಣ್ಣು ಮಂದವಾಗಿ ಆಟ ಬಿಟ್ಟ ಎಡಚರೊಬ್ಬರು ತಮ್ಮ ಹಳೆಯ ರೈಫಲ್ ಮಾರಲು ಒಪ್ಪಿ, ಪರೀಕ್ಷಿಸಲು ಕ್ಲಬ್ಬಿಗೆ ತಂದರು. ಮರದ ಮೈ, ಅಲ್ಲಲ್ಲಿ ಗೀರು, ತಿರುಪು ಒಂದೆರಡೇ. ಇವರ ಮುಖ ಸಪ್ಪಗಾಯಿತು. ನಾನು ಮಲಗಿ ಕೆನ್ನೆ ಒರಗಿಸಿದೆ. ಬೋಲ್ಟ್ ನನ್ನ ಎಡಗೈ ಇದ್ದಲ್ಲೇ ಇತ್ತು. ಗುಂಡು ಹಾರಿಸಿದೆ, ಬೋಲ್ಟ್ ಎಳೆದೆ, ತಳ್ಳಿದೆ, ಮೈ ಕದಲಲಿಲ್ಲ. ಇಷ್ಟು ವರ್ಷದಲ್ಲಿ ನನಗೋಸ್ಕರವೇ ಮಾಡಿದ ವಸ್ತುವೊಂದನ್ನು ಮೊದಲ ಸಲ ಮುಟ್ಟಿದ ಹಾಗಾಯಿತು. ಕನ್ನಡಕದ ಗಾಜು ಮಂಜಾದದ್ದಕ್ಕೆ ಠಾಣೆಯ ಸೆಕೆ ಕಾರಣ ಎಂದು ಎಲ್ಲರಿಗೂ ಹೇಳಿದೆ.

ಇನ್ನು ಗುಂಡು. ಒಂದೇ ಕಂಪನಿಯದಾದರೂ ಬೇರೆ ಬೇರೆ ಸಲ ತಯಾರಾದದ್ದು ಬೇರೆ ಬೇರೆ ಥರ ಹೋಗುತ್ತದಂತೆ. ಸುಧಾಕರ ನಂಬಲಿಲ್ಲ. ನಾನು ತಕ್ಷಣ ನಂಬಿದೆ. ಅದೇ ಅಂಗಡಿಯ ಅದೇ ಉದ್ದಿನಬೇಳೆಯಲ್ಲಿ ಒಂದು ವಾರ ಇಡ್ಲಿ ಮಲ್ಲಿಗೆ, ಇನ್ನೊಂದು ವಾರ ಇಟ್ಟಿಗೆ ಆಗುವುದನ್ನು ಕಂಡವಳು ನಾನು. ಒಂದೊಂದು ಡಬ್ಬಿಯಿಂದ ಹಾರಿಸಿ ನೋಡಿದೆವು. ಅಗ್ಗದ ಡಬ್ಬಿಯ ಗುಂಡುಗಳೇ ಕಾಗದದ ಮೇಲೆ ಒಂದೇ ತೂತಿನಲ್ಲಿ ಹೋಗಿ ಕೂತವು. ದುಬಾರಿಯದನ್ನು ಶಿಫಾರಸು ಮಾಡಿದ್ದ ಇವರು ಆ ತೂತನ್ನೇ ಬಹಳ ಹೊತ್ತು ನೋಡುತ್ತಿದ್ದರು.

ಆಯ್ಕೆಯ ದಿನ ಗಾಳಿ ಹುಚ್ಚಾಗಿತ್ತು. ಆಚೀಚೆ ಮಲಗಿದವರೆಲ್ಲ ನನ್ನ ಮಗಳ ವಯಸ್ಸಿನವರು. ಗಾಳಿ ನೋಡಲು ನೆಟ್ಟ ಬಾವುಟ ಪಟಪಟ ಎನ್ನುವಾಗ ಅವರು ಹೊಡೆಯುತ್ತಾ ಹೋದರು. ನಾನು ಕಾದೆ. ಮುಂಬಯಿಯಲ್ಲಿ ಸಂಸಾರ ಮಾಡಿದವಳಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಾವುಟ ಇಳಿದಾಗ ಹೊಡೆದೆ, ಎಡಗೈಯಿಂದ ಬೋಲ್ಟ್ ಎಳೆದೆ, ಮತ್ತೆ ಕಾದೆ. ಫಲಿತಾಂಶದ ಹಲಗೆಯಲ್ಲಿ ನನ್ನ ಹೆಸರನ್ನು ಕೆಳಗಿನಿಂದ ಹುಡುಕುತ್ತಾ ಬಂದೆ, ಸಿಗಲಿಲ್ಲ. ಹಣಮಂತಪ್ಪನವರು ನನ್ನ ಗಲ್ಲ ಹಿಡಿದೆತ್ತುವುದೊಂದು ಬಾಕಿ: "ಮ್ಯಾಲ ನೋಡ್ರಿ, ಅಕ್ಕಾರ. ಎಲ್ಲಾರಕಿಂತ ಮ್ಯಾಲ."

ಮೊದಲ ಸ್ಥಾನ. ರಾಜ್ಯದ ತಂಡ. ಕೊರಳಿಗೆ ಪದಕ. ಇವರು ಸೊಸೈಟಿಯ ಗೇಟಿನಲ್ಲೇ ನಿಂತು, "ಬೋಲ್ಟ್ ಎಡಕ್ಕೇ ಇರಬೇಕು ಅಂತ ನಾವು ಮೊದಲೇ ತೀರ್ಮಾನಿಸಿದ್ದೆವು," ಎನ್ನುತ್ತಿದ್ದರು. ಆ 'ನಾವು' ಎಂಬುದನ್ನು ಪದಕದ ಖುಷಿಯಲ್ಲಿ ಕ್ಷಮಿಸಿದೆ.

ಸೋಮವಾರ ಆಫೀಸಿನಲ್ಲಿ ತೋರಿಸೋಣವೆಂದು ಪದಕವನ್ನು ಬ್ಯಾಗಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೋದೆ. ಠಾಣೆಯ ಕಡೆಯ ಲೋಕಲ್ ಬಂತು. ಮಹಿಳೆಯರ ಡಬ್ಬಿಯ ಬಾಗಿಲು ನನ್ನೆದುರೇ, ಮೊಳದೂರದಲ್ಲಿ ನಿಂತಿತು. ಉಸಿರು ಬಿಗಿಹಿಡಿದು, ನೇರ ನೋಡಿ ನುಗ್ಗಿದೆ. ಹಿಂದಿನಿಂದ ಬಂದ ಹೆಂಗಸರ ಅಲೆ ನನ್ನನ್ನು ಬಾಗಿಲಿನಿಂದ ಅತ್ತ ಸಾಗಿಸಿ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿಸಿಟ್ಟು ಗಾಡಿ ಹತ್ತಿತು. ಗಾಡಿ ಹೊರಟಿತು. ಐವತ್ತು ಮೀಟರಿನದಾದರೆ ಸರಿ. ಮೊಳದೂರದ ಗುರಿ ನನಗಿನ್ನೂ ಅಭ್ಯಾಸವಾಗಬೇಕು.