ಎರಡು ಕಣ್ಣು ಬೇಡುವ ಪರದೆ

ತಿಳಿಯದ್ದನ್ನು ತಿಳಿದಂತೆ ತಲೆಯಾಡಿಸುವ ವಿದ್ಯೆಯೊಂದಿದೆ. ಅದರಲ್ಲಿ ನಾನು ಪಳಗಿದವನು. ಸಂಗೀತ ಕಛೇರಿಯಲ್ಲಿ ಪಕ್ಕದವರು ತೊಡೆ ತಟ್ಟಿದ ಮೇಲೆ ಅರ್ಧ ಕ್ಷಣ ತಡವಾಗಿ ನಾನೂ ತಟ್ಟುತ್ತೇನೆ. ಗಡಿಯಲ್ಲೇ ಹುಟ್ಟಿ ಬೆಳೆದರೂ ನನ್ನ ಮರಾಠಿ ಸಂತೆಯ ಚೌಕಾಸಿಗಷ್ಟೇ ಸಾಕು. ಆದರೂ ಮಿರಜಿನ ಬೀಗರು ಗಡಗಡ ಮರಾಠಿಯಲ್ಲಿ ಮಾತಾಡಿದರೆ ಎಲ್ಲರಿಗಿಂತ ಮೊದಲು ನಗುತ್ತೇನೆ. ಹೀಗೆ ಒಮ್ಮೆ ಅವರ ಸೋದರತ್ತೆ ತೀರಿಕೊಂಡ ಸುದ್ದಿಗೂ ನಕ್ಕಿದ್ದೆ. ಮೋಟಾರು ಸೈಕಲ್ಲಿನ ಲೈಸೆನ್ಸಿಗೆ ಕಣ್ಣು ಪರೀಕ್ಷೆ ಮಾಡಿದಾಗ ಬಲಗಣ್ಣಿನಿಂದ ಓದಿದ ಅಕ್ಷರಗಳನ್ನೇ ಬಾಯಿಪಾಠ ಮಾಡಿಕೊಂಡು ಎಡಗಣ್ಣಿನ ಸರದಿಗೂ ಒಪ್ಪಿಸಿಬಿಟ್ಟಿದ್ದೆ. ಇಂಥ ಚಿಕ್ಕಪುಟ್ಟ ಸುಳ್ಳುಗಳಿಂದ ಯಾರಿಗೂ ಹಾನಿಯಿಲ್ಲ ಎಂದು ನಂಬಿಕೊಂಡೇ ಐವತ್ತೆರಡು ವರ್ಷ ದಾಟಿದೆ. ಕಳೆದ ದೀಪಾವಳಿ ರಜೆಯಲ್ಲಿ ಅಂಗೈಯಗಲದ ಆಟದ ಯಂತ್ರವೊಂದು ಮನೆಗೆ ಬಂದು ನನ್ನ ಬಂಡವಾಳವನ್ನೆಲ್ಲ ಬಯಲಿಗಿಟ್ಟಿತು.

ಐನಾಪುರದ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು ಎಂಬ ಪರ್ಸ್ಪೆಕ್ಟಿವ್ ಪಾಠವನ್ನು ಇಪ್ಪತ್ತಾರು ವರ್ಷಗಳಿಂದ ಒಂಬತ್ತನೆಯ ತರಗತಿಗೆ ಕಲಿಸುತ್ತಿದ್ದೇನೆ. ಶೇಡಬಾಳ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ರೈಲು ಹಳಿಗಳೆರಡೂ ದೂರದಲ್ಲಿ ಕೂಡಿಕೊಳ್ಳುವುದನ್ನು, ಕಬ್ಬಿನ ಹೊಲದ ಬದಿಯ ಕರೆಂಟ್ ಕಂಬಗಳು ಹೋಗುತ್ತ ಹೋಗುತ್ತ ಕಡ್ಡಿಯಷ್ಟಾಗುವುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇನೆ. "ಪೆನ್ಸಿಲ್ ಕೈಚಾಚಿ ಹಿಡೀರಿ, ಒಂದ ಕಣ್ಣ ಮುಚ್ರಿ, ಅಳತಿ ತಗೀರಿ" ಎನ್ನುತ್ತೇನೆ. ಒಂದು ಕಣ್ಣು ಮುಚ್ಚಲು ಹೋಗಿ ಮಕ್ಕಳು ಮೂತಿಯನ್ನೆಲ್ಲ ಸೊಟ್ಟ ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ಎರಡೂ ಕಣ್ಣು ತೆರೆದಿದ್ದರೂ ಅಳತೆ ಕರಾರುವಾಕ್ಕಾಗಿ ಸಿಗುತ್ತಿತ್ತು. ಅದನ್ನು ಅನುಭವದ ಫಲವೆಂದು ಭಾವಿಸಿ ಒಳಗೊಳಗೇ ಬೀಗುತ್ತಿದ್ದೆ.

ಇನ್ನು ಆ ಯಂತ್ರದ ಕಥೆ. ನಮ್ಮ ಮಗಳು ಮೇಘಾ ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಾಳೆ. ಯಂತ್ರ ಅವಳದಲ್ಲ, ಅವಳ ಗೆಳತಿ ನಿಪ್ಪಾಣಿಯ ಶಬಾನಾಳದು. ಸೋದರಮಾವ ಆಡಿ ಬೇಸತ್ತು ಅವಳಿಗೆ ಕೊಟ್ಟದ್ದಂತೆ. ಪುಸ್ತಕದ ಹಾಗೆ ಮಡಚುತ್ತದೆ. ಬಿಚ್ಚಿದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಮೇಲಿನ ಪರದೆಯದೇ ವಿಶೇಷ. ಅದು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಬೇರೆ ಬೇರೆ ಚಿತ್ರ ಕಳಿಸುತ್ತದೆ. ಎರಡನ್ನೂ ತಲೆಯೊಳಗೆ ಕೂಡಿಸಿಕೊಂಡರೆ, ಕನ್ನಡಕದ ಹಂಗಿಲ್ಲದೆ, ಚಿತ್ರಕ್ಕೆ ಆಳ ಬರುತ್ತದೆ. ಪಕ್ಕದಲ್ಲೊಂದು ಪುಟ್ಟ ಗುಂಡಿ. ಮೇಲೆ ಸರಿಸಿದರೆ ಆಳ ಹೆಚ್ಚುತ್ತದೆ, ಪೂರ್ತಿ ಕೆಳಗಿಳಿಸಿದರೆ ಚಿತ್ರ ಸಪಾಟು. ಶಬಾನಾ ಅದನ್ನು ಸದಾ ಕೆಳಗೇ ಇಡುವವಳು. "ತಲಿ ನೋಯ್ತೈತಿ, ಬ್ಯಾಟರಿ ತಿಂತೈತಿ, ಆಡಾಕ ಅದರಿಂದ ಏನೂ ಉಪಯೋಗಿಲ್ಲ" ಎಂಬುದು ಅವಳ ವಾದ. "ಆಳ ಇಲ್ಲಂದ್ರ ಅದೂ ಒಂದ ಮೊಬೈಲ್ ಆತಷ್ಟ" ಎಂಬುದು ಮೇಘಾಳದು. ಮಾತಿಗೆ ಮಾತು ಬೆಳೆದು ಇಬ್ಬರೂ ಎರಡು ದಿನ ಮಾತು ಬಿಟ್ಟರಂತೆ. ಕೊನೆಗೆ "ನಮ್ಮಪ್ಪ ಡ್ರಾಯಿಂಗ್ ಮಾಸ್ತರ, ಅವರು ಹೇಳಿದ್ದ ಖರೆ" ಎಂದು ನನ್ನನ್ನು ಪಂಚನನ್ನಾಗಿ ಮಾಡಿ ಯಂತ್ರವನ್ನು ರಜೆಗೆ ಮನೆಗೆ ತಂದಳು.

ನಮ್ಮ ಕಡೆ ಯಾವುದನ್ನೂ ಒಬ್ಬರೇ ನೋಡುವ ಪದ್ಧತಿಯಿಲ್ಲ. ಮದುವೆಯ ಆಲ್ಬಂ ಇರಲಿ, ಲಗ್ನಪತ್ರಿಕೆ ಇರಲಿ, ಮಕ್ಕಳ ಮಾರ್ಕ್ಸ್ ಕಾರ್ಡೇ ಇರಲಿ, ಒಬ್ಬರು ಹಿಡಿಯಬೇಕು, ಉಳಿದವರು ಹೆಗಲ ಮೇಲಿಂದಲೋ ಕಂಕುಳ ಕೆಳಗಿಂದಲೋ ತಲೆ ತೂರಿಸಬೇಕು. ಈ ಯಂತ್ರ ಮಾಡಿದವರ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇದ್ದಿರಬೇಕು. ನೆಟ್ಟಗೆ ಎದುರಿಗೆ, ಅಲುಗದೆ ಹಿಡಿದವರಿಗಷ್ಟೇ ಅದು ಆಳ ತೋರಿಸುತ್ತದೆ. ಪಕ್ಕದಿಂದ ಇಣುಕಿದವರಿಗೆ ಒಂದು ಗಿಡ ಎರಡಾಗಿ ಕಂಡು ತಲೆ ತಿರುಗುತ್ತದೆ. ಅದು ಬಂದ ದಿನವೇ ನಮ್ಮ ಮನೆಯಲ್ಲಿ "ನೀ ಸರಿ, ನೀ ಸರಿ" ಎಂಬ ನೂಕಾಟ ಶುರುವಾಯಿತು.

ಮೊದಲು ನೋಡಿದವಳು ನನ್ನ ಹೆಂಡತಿ ಶೈಲಾ. ರೊಟ್ಟಿ ಬಡಿಯುತ್ತಿದ್ದಳು, ಕೈತುಂಬ ಹಿಟ್ಟು. ಮೇಘಾ ಯಂತ್ರವನ್ನು ಅವಳ ಮುಖದ ಮುಂದೆ ಹಿಡಿದು ಗುಂಡಿ ಮೇಲೆ ಸರಿಸಿದಳು. "ಅಯ್ಯ ಶಿವನ! ಇದರೊಳಗ ಬಾವಿ ಐತಲ್ಲಾ!" ಎಂದವಳೇ ಶೈಲಾ ಹಿಟ್ಟಿನ ಕೈಯನ್ನು ಪರದೆಯ ಹಿಂಬದಿಗೆ ಹಾಕಿ ತಡವಿದಳು. ಹಿಂದೆ ಏನಿದೆ, ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ಕು. "ಇಷ್ಟ ತೆಳ್ಳಗ ಐತಿ, ಅಷ್ಟ ಆಳ ಎಲ್ಲಿ ಹಿಡಿಸ್ಯಾರ?" ಎಂದು ಮತ್ತೆ ನೋಡಿದಳು, ಮತ್ತೆ ತಡವಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವಳ ಕೈಯ ರೊಟ್ಟಿ ಕರಕಾದದ್ದನ್ನು ನಾನು ಕಂಡಿರಲಿಲ್ಲ. ನನ್ನ ಯಾವ ಚಿತ್ರದ ಮುಂದೆಯೂ ಅವಳು ಹೀಗೆ ಬಾಯಿ ತೆರೆದು ನಿಂತವಳಲ್ಲ. ಸುಳ್ಳೇಕೆ, ಹೊಟ್ಟೆ ಉರಿಯಿತು.

ನನ್ನ ಸರದಿ ಬಂತು. ಒಂದು ಗುಡ್ಡ, ಅದರ ಮುಂದೊಂದು ಗಿಡ, ಬುಡದಲ್ಲೊಂದು ಹೊಳೆ. ಚಂದದ ಚಿತ್ರ, ಬಣ್ಣವೂ ಅಚ್ಚುಕಟ್ಟು. ಆಳವನ್ನು ಹುಡುಕಿದೆ. ಹತ್ತಿರ ಹಿಡಿದೆ, ದೂರ ಹಿಡಿದೆ, ಉಸಿರು ಬಿಗಿಹಿಡಿದು ನೋಡಿದೆ. ಏನೂ ಇಲ್ಲ. ಆದರೆ ಮಗಳು ಕಾಯುತ್ತಿದ್ದಾಳೆ, ಹೆಂಡತಿ ಕಾಯುತ್ತಿದ್ದಾಳೆ, ಕಟ್ಟೆಯ ಮೇಲೆ ಕೂತ ಅವ್ವನೂ ಈ ಕಡೆಗೇ ನೋಡುತ್ತಿದ್ದಾಳೆ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಆಳ ಭಾರಿ ಐತಿ. ಆದ್ರ ಸ್ವಲ್ಪ ಹೆಚ್ಚಾಗೇತಿ. ಗಿಡಕ್ಕೂ ಗುಡ್ಡಕ್ಕೂ ನಾಕ ಫೂಟ ಅಂತರ ಇದ್ರ ಸಾಕಾಗ್ತಿತ್ತು, ಇವರು ಆರ ಫೂಟ ಇಟ್ಟಾರ. ಕಲಾದೃಷ್ಟಿಯಿಂದ ಅಂದ್ರ, ಅತಿ ಆತು."

ಮೇಘಾ ನನ್ನನ್ನೇ ನೋಡಿದಳು. "ಪಪ್ಪಾ, ಬ್ಯಾಟರಿ ಉಳೀಲಿ ಅಂತ ನಾ ಗುಂಡಿ ಕೆಳಗ ಇಳಿಸಿ ಕೊಟ್ಟೀನಿ. ಈಗ ಅದರಾಗ ಆಳ ಇಲ್ಲ."

ಶೈಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಗಬಹುದಿತ್ತು, ಆದರೆ ಮೇಘಾ ನಗಲಿಲ್ಲ. ಗುಂಡಿಯನ್ನು ತುದಿಯವರೆಗೆ ಮೇಲೇರಿಸಿ "ಈಗ ನೋಡು, ಏನರ ಬದಲಾತೇನು?" ಎಂದಳು. ಏನೂ ಬದಲಾಗಿರಲಿಲ್ಲ. ಅವಳು ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದಳು. ಜಗತ್ತು ಇದ್ದ ಹಾಗೇ ಇತ್ತು. ಬಲಗಣ್ಣು ಮುಚ್ಚಿದಳು; ಹೆಂಡತಿ ಕರಗಿ ಒಂದು ನೀಲಿ ಕಲೆಯಾದಳು. ಎಡಗಣ್ಣು ಕೊಂಚ ಸಡಿಲೆಂದು ನನಗೆ ಗೊತ್ತಿತ್ತು. ಎಡಗೈಗೆ ಬಲ ಕಡಿಮೆಯಿರುವಂತೆ ಎಡಗಣ್ಣಿಗೂ ಎಲ್ಲರಿಗೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. "ಪಪ್ಪಾ, ನೀ ಒಂದ ಕಣ್ಣಿಂದ ನೋಡಾಕತ್ತೀದಿ. ಮೊದಲಿಂದನೂ ಹಂಗ ನೋಡಿರಬೇಕು" ಎಂದಳು ಮಗಳು ಮೆಲ್ಲಗೆ.

ಬೇಸರಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಬೆರಗು. ಶೈಲಾಳನ್ನು ಕೇಳಿದೆ: "ಅಲ್ಲಾ, ಈ ಯಂತ್ರದಾಗ ಆಳ ಕಂಡತಲ್ಲ, ಹೊರಗೂ ನಿನಗ ಹಂಗ ಕಾಣಸ್ತೈತೇನು? ಈ ತುಳಸಿಕಟ್ಟಿ, ಅದರ ಹಿಂದಿನ ಗ್ವಾಡಿ?"

"ಕಾಣದ ಏನ್ರಿ? ಮುಂದಿಂದು ಮುಂದ, ಹಿಂದಿಂದು ಹಿಂದ. ಅದನ್ನೇನ ಕೇಳ್ತೀರಿ?"

ಉಪ್ಪು ಉಪ್ಪಗಿದೆ ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟಳು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ರೊಟ್ಟಿ ಕರಕಾಗುವಂತೆ ಅವಳನ್ನು ಮರುಳು ಮಾಡಿದ್ದು, ಊರಿನ ಹಾಲು ಹಾಕುವವನಿಂದ ಹಿಡಿದು ನಮ್ಮ ಹೆಡ್‌ಮಾಸ್ತರವರೆಗೆ ಎಲ್ಲರಿಗೂ ದಿನವಿಡೀ ಪುಕ್ಕಟೆ ಕಾಣುತ್ತಿದೆ, ಮತ್ತು ಒಬ್ಬರೂ ಅದರ ಮಾತೆತ್ತುವುದಿಲ್ಲ! ಮರುದಿನದಿಂದ ಕಂಡಕಂಡವರನ್ನು ಕೇಳತೊಡಗಿದೆ. ಐಗಳಿಯ ದ್ರಾಕ್ಷಿ ತೋಟದ ಪರಿಚಯದವರೊಬ್ಬರು ಗೊಂಚಲಿನೊಳಗೆ ಕತ್ತರಿ ತೂರಿಸಿ ಬೇಡದ ಕಾಯಿ ಕತ್ತರಿಸುತ್ತಿದ್ದರು. "ಯಾವ ಕಾಯಿ ಮುಂದೈತಿ, ಯಾವದು ಹಿಂದೈತಿ, ಹೆಂಗ ತಿಳೀತೈತ್ರಿ?" ಎಂದೆ. "ನೋಡಿದ್ರ ತಿಳೀತೈತ್ರಿ ಸರ" ಎಂದು ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು. ನಾನು ನನ್ನ ಜೀವನದ ಲೆಕ್ಕ ಹಾಕಿದೆ: ಕೈಬಿಟ್ಟ ಕ್ಯಾಚುಗಳು, ಪೋಣಿಸಲಾಗದ ಸೂಜಿಗಳು, ಕೈಕುಲುಕಲು ಹೋಗಿ ಎದುರಿನವರ ಹೊಟ್ಟೆಗೆ ತಿವಿದದ್ದು. ಇಡೀ ಊರು ಆಳದಲ್ಲಿ ಬದುಕಿದೆ, ನಾನೊಬ್ಬ ಕ್ಯಾಲೆಂಡರಿನ ಚಿತ್ರದೊಳಗೆ ಬದುಕಿದ್ದೇನೆ. ಅಂಥವನು ಇಪ್ಪತ್ತಾರು ವರ್ಷ ಪರ್ಸ್ಪೆಕ್ಟಿವ್ ಕಲಿಸಿದ್ದೇನೆ.

ಇದಿಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮನೆಯಲ್ಲಿ ಇನ್ನೊಂದು ಕಣ್ಣಿನ ಪ್ರಶ್ನೆಯಿತ್ತು, ಅದು ಅವ್ವನದು. ಅವಳಿಗೆ ಎಪ್ಪತ್ತಾರು. ಹಿಂದಿನ ವರ್ಷ ಮಿರಜಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಎಡಗಣ್ಣಿನದು ಬಲಿತಿತ್ತು, ಇನ್ನೂ ತಡಮಾಡಿದರೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಅವ್ವ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. "ಒಂದ ಕಣ್ಣ ಸಾಕು. ಜೋಡಿನ ಇರಬೇಕಂದ್ರ ಕಣ್ಣೇನ ಚಪ್ಪಲೇನು?" ಎನ್ನುತ್ತಿದ್ದಳು. ಮೇಘಾ ಈ ಯಂತ್ರದಿಂದಲೇ ಅಜ್ಜಿಯನ್ನು ಒಪ್ಪಿಸುವ ಉಪಾಯ ಹೂಡಿದಳು. ಅವಳು ಅಜ್ಜಿಯನ್ನು ಆಯಿ ಎಂದು ಕರೆಯುತ್ತಾಳೆ.

"ಆಯಿ, ನೋಡು. ಆಳ ಕಾಣಸ್ತೈತೇನು?"

"ಇಲ್ಲ" ಎಂದಳು ಅವ್ವ. ಅಷ್ಟು ಸರಳವಾದ ಉತ್ತರ ನನಗೇಕೆ ಹೊಳೆದಿರಲಿಲ್ಲವೋ!

"ಹಾಂ! ಎರಡ ಕಣ್ಣ ಇದ್ರಷ್ಟ ಕಾಣಸ್ತೈತಿ. ಅದಕ್ಕ ಆಪರೇಷನ್ ಮಾಡಿಸ್ಕೊ ಅನ್ನೂದು."

ಅವ್ವ ನನ್ನ ಕಡೆ ಬೆರಳು ಮಾಡಿದಳು. "ನಿಮ್ಮಪ್ಪಗ ಕಾಣಸ್ತೈತೇನು? ಇಲ್ಲಲ್ಲ? ಐವತ್ತೆರಡ ವರ್ಸ ಒಂದ ಕಣ್ಣಾಗ ಬಾಳೇ ಮಾಡ್ಯಾನ. ಮಾಸ್ತರ ಆದ, ಲಗ್ನ ಆತು, ಫಟಫಟಿ ಹೊಡೀತಾನ. ಅವಗ ನಡೀತೈತಿ, ನನಗ್ಯಾಕ ನಡಿಯಂಗಿಲ್ಲ?"

ನನ್ನ ನೌಕರಿ, ನನ್ನ ಸಂಸಾರ, ನನ್ನ ಮೋಟಾರು ಸೈಕಲ್ಲು ಎಲ್ಲವೂ ಒಟ್ಟಾಗಿ ಅವ್ವನ ಎಡಗಣ್ಣಿಗೆ ಅಡ್ಡ ನಿಂತಿದ್ದವು. ನಾನು ಚೆನ್ನಾಗಿ ಬಾಳಿದ್ದಕ್ಕೆ ಮೊದಲ ಬಾರಿ ಪಶ್ಚಾತ್ತಾಪವಾಯಿತು. ಅವ್ವ ಒಮ್ಮೆ ಒಲ್ಲೆ ಎಂದರೆ ಮಾತು ಮುಗಿಯಿತು. ಅವಳನ್ನು ಎಳೆದುಕೊಂಡು ಹೋಗುವವರು ಈ ತಾಲೂಕಿನಲ್ಲಿಲ್ಲ. ಹಾಗಾಗಿ ಉಪಾಯ ಬದಲಿಸಿದೆ. "ನಿಂದು ಬಿಡವ್ವಾ, ನನ್ನ ಕಣ್ಣ ತೋರಿಸ್ಕೊಂಡ ಬರ್ತೀನಿ" ಎಂದೆ. ಮಗನನ್ನು ಡಾಕ್ಟರ ಹತ್ತಿರ ಒಬ್ಬನನ್ನೇ ಕಳಿಸುವ ಜೀವ ಅವಳದಲ್ಲ. ನಾನು ಹೊರಡುವ ಮೊದಲೇ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಶೈಲಾಳೂ ಬಂದಳು.

ಮಿರಜಿನ ಡಾಕ್ಟರಮ್ಮ ನನಗೆ ಕಪ್ಪು ಕನ್ನಡಕ ತೊಡಿಸಿ, ದೊಡ್ಡದೊಂದು ನೊಣದ ಚಿತ್ರ ಮುಂದಿಟ್ಟು, "ಇದರ ರೆಕ್ಕಿ ಚಿವುಟ್ರಿ" ಎಂದರು. ನನ್ನ ಬೆರಳು ಕಾಗದಕ್ಕೆ ತಾಗಿತು. ಕುತೂಹಲ ತಡೆಯದೆ ಶೈಲಾ ಕನ್ನಡಕ ಇಸಿದುಕೊಂಡು ನೋಡಿದಳು. ಕಾಗದದಿಂದ ಎರಡು ಬೆರಳು ಮೇಲೆ, ಬರೀ ಗಾಳಿಯನ್ನು ಚಿವುಟಿ "ಎವ್ವಾ!" ಎಂದು ಕೈ ಹಿಂದೆಳೆದುಕೊಂಡಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಇದು ಸಣ್ಣಂದಿನಿಂದ ಇರೂದ್ರಿ. ಆವಾಗ ಚಸ್ಮಾ ಹಾಕಿ, ಚಲೋ ಕಣ್ಣಿಗೆ ಪಟ್ಟಿ ಕಟ್ಟಿ ರೂಢಿ ಮಾಡಿಸಿದ್ರ ಸುಧಾರಸ್ತಿತ್ತು. ಈಗ ಕಣ್ಣ ಐತಿ, ಆದ್ರ ಮೆದುಳು ಅದರ ಮಾತ ಕೇಳೂದ ಬಿಟ್ಟೈತಿ."

ಅವ್ವ ಕುರ್ಚಿಯ ತುದಿಗೆ ಬಂದಿದ್ದಳು. "ನನ್ನ ಎಡಗಣ್ಣ ತುಗೊಂಡ ಇವಗ ಹಾಕಾಕ ಬರೂದಿಲ್ಲೇನ್ರಿ?"

ಡಾಕ್ಟರಮ್ಮ ನಗಲಿಲ್ಲ. "ಬರೂದಿಲ್ಲ ಅಜ್ಜಿ. ಇವರದು ಕಾಲ ದಾಟಿ ಹೋಗೇತಿ. ನಿಮ್ಮದು ಹೋಗಿಲ್ಲ. ಪೊರಿ ತಗದ್ರ ಎರಡೂ ಕಣ್ಣ ಕೂಡಿ ನೋಡ್ತಾವು."

ಅವ್ವ ಸೆರಗು ಸರಿಮಾಡಿಕೊಂಡಳು. ಗೋಡೆ ನೋಡಿದಳು, ನನ್ನ ಮುಖ ನೋಡಿದಳು. "ಹಂಗಾರ ನಂದು ಯಾವಾಗ ಮಾಡ್ತೀರಿ?" ಎಂದಳು. ಒಂದು ವರ್ಷ ಕಾಡಿ ಬೇಡಿ ಆಗದ ಕೆಲಸ ಹಾಗೆ ಆಗಿಹೋಯಿತು. ನನಗೆ ಮಾತ್ರ ಗೆದ್ದೆ ಎನಿಸಲಿಲ್ಲ.

ಆಪರೇಷನ್ ಆಗಿ, ಹನಿ ಹಾಕುವ ದಿನಗಳು ಕಳೆದು, ಹೊಸ ಚಸ್ಮಾ ಬಂತು. ಆ ಭಾನುವಾರ ಮೇಘಾ ಯಂತ್ರವನ್ನು ಮತ್ತೆ ಇಸಿದುಕೊಂಡು ಬಂದಿದ್ದಳು. ಅದರ ಬೆನ್ನಿಗೆ ಎರಡು ಕ್ಯಾಮೆರಾ ಇದ್ದು, ಆಳ ಸಮೇತ ಫೋಟೊ ತೆಗೆಯುತ್ತದಂತೆ. ನನ್ನನ್ನು ಹಿತ್ತಲಲ್ಲಿ ನಮ್ಮ ಎಮ್ಮೆಯ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆದು ಅವ್ವನ ಕೈಗಿಟ್ಟಳು. ಎಂದಿನಂತೆ ಎಲ್ಲರ ತಲೆಯೂ ತೂರಿಕೊಂಡಿತು. ಎರಡೆರಡು ಎಮ್ಮೆ ಕಂಡು ಶೈಲಾ ಹಣೆ ಒತ್ತಿಕೊಂಡು ಎದ್ದಳು, ಮೇಘಾಳೂ ಹಿಂದೆ ಸರಿದಳು. ಅವ್ವನ ಹೆಗಲಿಗೆ ಹೆಗಲು ತಾಗಿಸಿ ಪಕ್ಕದಿಂದ ಆರಾಮವಾಗಿ ನೋಡುತ್ತ ಉಳಿದವನು ನಾನೊಬ್ಬನೇ. ಒಂದೇ ಕಣ್ಣಿಗೆ ಯಾವ ಕಡೆಯಿಂದಲೂ ಒಂದೇ ಚಿತ್ರ, ಎರಡಾಗುವ ಭಯವಿಲ್ಲ.

ಅವ್ವ ಬೆರಳನ್ನು ಪರದೆಯವರೆಗೆ ಒಯ್ದು ಹಿಂದೆ ತಂದಳು. "ಎವ್ವಾ... ತಮ್ಮಾ, ಎಮ್ಮಿ ನಿನ್ನ ಹಿಂದ ನಿಂತೈತಿ. ನಿನಗೂ ಎಮ್ಮಿಗೂ ನಡುವ ಜಾಗಾ ಐತಿ, ಖಾಲಿ ಜಾಗಾ. ಒಬ್ರು ಹಾಯ್ದು ಹೋಗಬಹುದು!"

ಮೇಘಾ ಆಗಲೇ ಶಬಾನಾಳಿಗೆ ಫೋನ್ ಹಚ್ಚಿದ್ದಳು. "ಚಾಚಾ, ತೀರ್ಪ ಹೇಳ್ರಿ. ಈ ಆಳ ಬೇಕೋ ಬ್ಯಾಡೋ?" ಎಂದಿತು ಆ ಕಡೆಯ ದನಿ. "ನನಗ ಕಾಣಂಗಿಲ್ಲವಾ, ನಮ್ಮ ಅವ್ವನ್ನ ಕೇಳು" ಎಂದೆ. ಹೇಳಿದ ಮೇಲೆ ಮೈ ಹಗುರಾಯಿತು. ಅವ್ವ ಪರದೆಯಿಂದ ಕಣ್ಣು ಕೀಳದೆಯೇ ಕೂಗಿ ಹೇಳಿದಳು: "ಆಟಕ್ಕ ಬೇಕಾಗಿಲ್ಲವಾ, ನೀ ಅಂದದ್ದ ಖರೆ. ಮನಿ ಮಂದೀನ ನೋಡಾಕ ಬೇಕ ನೋಡು."

ಅನಂತರ ದನಿ ತಗ್ಗಿಸಿದಳು. "ಸಣ್ಣಾಂವ ಇದ್ದಾಗ ತಂಬಿಗ್ಯಾಗ ಮಜ್ಜಿಗಿ ಹಾಕಂದ್ರ ಬಾಜೂಕ ಚೆಲ್ತಿದ್ದಿ. ಕಣ್ಣ ಎಲ್ಲಿಟ್ಟೀಯೋ ಅಂತ ಎಷ್ಟ ಹೊಡದೀನಿ ನಿನಗ. ನನಗ ತಿಳೀಲಿಲ್ಲಪಾ. ತಪ್ಪಾತು."

"ಬಿಡವ್ವಾ" ಎಂದೆ. ಮಾತು ತಿರುಗಿಸಲು ಕೇಳಿದೆ: "ಎಮ್ಮಿ ಎಷ್ಟ ಹಿಂದೈತಿ?"

"ಒಂದ ಮಾರು."

"ಬೇವಿನ ಗಿಡ?"

"ಎಮ್ಮಿ ಆಚೆ ಇನ್ನೆರಡ ಮಾರು."

ನಾನು ಆ ಸಪಾಟು ಚಿತ್ರವನ್ನೇ ದಿಟ್ಟಿಸಿ, ಒಂದು ಮಾರು ಖಾಲಿ ಜಾಗವನ್ನು ಕಲ್ಪಿಸಿಕೊಳ್ಳಲು ತಿಣುಕಿದೆ. ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿತು. "ಎಮ್ಮಿ ಎಷ್ಟಂದಿ?" ಎಂದೆ. ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ.

"ಎಷ್ಟ ಸಲ ಹೇಳಬೇಕೋ ನಿನಗ! ಲಕ್ಷ್ಯ ಎಲ್ಲೈತಿ?" ಎಂದು ಅವ್ವ ನನ್ನ ತೊಡೆಗೆ ಪಟ್ಟನೆ ಹೊಡೆದಳು. ಡ್ರಾಯಿಂಗ್ ಮಾಸ್ತರ ಕೈಕಟ್ಟಿ ಕುಳಿತು ಪಾಠವನ್ನು ಮೊದಲಿನಿಂದ ಕೇಳಿಸಿಕೊಂಡ.