ಮಾವನ ಮೂರನೆಯ ಮಾನಿಟರು

ನನ್ನ ಸೋದರಮಾವನಷ್ಟು ಧೈರ್ಯವಂತರು ಇಡೀ ಕುಷ್ಟಗಿಯಲ್ಲೇ ಇಲ್ಲ, ಕಂಪ್ಯೂಟರ್ ಆಫ್ ಆಗಿರುವಾಗ! ಆನ್ ಆಯಿತೋ, ಮದುವೆ ವಿಡಿಯೊ ಎಡಿಟ್ ಮಾಡುವ ಈ ಮಹಾಶಯರು ಕುರ್ಚಿಯ ತುದಿಯಲ್ಲಿ ಕೂತು, ಒಂದು ಕಾಲನ್ನು ಬಾಗಿಲ ಕಡೆಗೇ ಇಟ್ಟುಕೊಂಡಿರುತ್ತಾರೆ.

ಅಂಗಡಿಯಲ್ಲಿ ಮೂರು ಮಾನಿಟರು. ಎರಡನ್ನು ಹೊಸ ಗ್ರಾಫಿಕ್ಸ್ ಕಾರ್ಡಿಗೆ, ಮೂರನೆಯದನ್ನು ಮಾತ್ರ ಮದರ್‌ಬೋರ್ಡಿಗೆ ಹುಟ್ಟಿನಿಂದಲೇ ಬಂದ ಗ್ರಾಫಿಕ್ಸಿಗೆ ಸಿಕ್ಕಿಸಬೇಕೆಂದು ಅವರ ಹಟ.

"ಮೂರನ್ನೂ ಕಾರ್ಡಿಗೇ ಹಾಕಬಹುದಲ್ಲ ಮಾವ?"

"ಹುಚ್ಚೇನಲೇ? ಅದು ಸುಟ್ಟರ ಮೂರೂ ಒಮ್ಮೆಲೇ ಕುರುಡಾಗ್ತಾವ. ಒಂದರ ಕಣ್ಣು ತೆರಕೊಂಡಿರಲಿ!"

ಕಾರ್ಡ್ ಕೂರಿಸಿದೊಡನೆ ಮದರ್‌ಬೋರ್ಡಿನ ಗ್ರಾಫಿಕ್ಸ್ ಮಲಗಿಬಿಟ್ಟಿತು. ಬಯೋಸ್ ಎಂಬ ಸೆಟ್ಟಿಂಗ್ಸಿನ ಒಳಕೋಣೆಗೆ ಹೋಗಿ ಅದನ್ನು ಎಬ್ಬಿಸಬೇಕು. ನಾನು ಅಲ್ಲಿ ಒಂದೇ ಒಂದು ಸಾಲು ಬದಲಿಸುವಷ್ಟರಲ್ಲಿ ಮಾವ ರಸ್ತೆ ದಾಟಿ ಚಹಾದಂಗಡಿ ಸೇರಿದ್ದರು. ಅಲ್ಲಿಂದಲೇ ಕೂಗಿದರು: "ಜೀವಂತ ಅದಿಯೇನೋ?"

ಆದರೆ ಈ ಸಲದ ಅಂಜಿಕೆಗೆ ನಾನೂ ನಗಲಾರದಾದೆ. ತಾವರಗೇರಾದ ಒಬ್ಬ ಹುಡುಗಿಯ ಮದುವೆ ವಿಡಿಯೊ ಅವರ ಕೈಯಲ್ಲಿತ್ತು. ಮದುವೆಯಾದ ಹದಿನೈದೇ ದಿನಕ್ಕೆ ಅವಳ ಅಪ್ಪ ತೀರಿಕೊಂಡಿದ್ದರು. ಅವರು ನಡೆದಾಡಿದ, ಮಾತಾಡಿದ ದೃಶ್ಯ ಎಂದರೆ ಅದೊಂದೇ.

"ಇನ್ನೊಂದು ಕಾಪಿ ಮಾಡಿಡಿ ಮಾವ."

"ಕಾಪಿ ಮಾಡೂವಾಗ ಕರೆಂಟ್ ಹೋದ್ರ? ಅಕಿಗೆ ಹೆಂಗ ಮಾರಿ ತೋರಿಸ್ಲಿ?"

ಇಂಥವರು ಆಯುಧಪೂಜೆಗೆ ಸುಮ್ಮನಿರುತ್ತಾರೆಯೇ? ಸಿಪಿಯು ಬಿಚ್ಚಿ, ಕಾರ್ಡಿಗೂ ಕುಂಕುಮವಿಟ್ಟು ಚೆಂಡುಹೂವು ಏರಿಸಿದರು. ಹೂವು ಹೋಗಿ ಕಾರ್ಡಿನ ಫ್ಯಾನಿನಲ್ಲೇ ಕೂತಿತು! ಮರುದಿನ ಆನ್ ಮಾಡಿ ಅರ್ಧ ಗಂಟೆಯಾಗಿರಲಿಲ್ಲ, ಸುಟ್ಟ ವಾಸನೆ, ಎರಡು ಪರದೆ ಕಪ್ಪು. ನಾನು ಓಡಿಹೋಗಿ ಪ್ಲಗ್ ಕಿತ್ತೆ. ಕಾರ್ಡನ್ನು ಹೊರತೆಗೆದು ಮತ್ತೆ ಆನ್ ಮಾಡಹೋದರೆ ಮಾವ ನನ್ನ ಕೈ ಹಿಡಿದುಕೊಂಡರು.

"ಬ್ಯಾಡೋ, ಇದೂ ಹೋದ್ರ?"

ಅಷ್ಟರಲ್ಲಿ ಆ ಹುಡುಗಿಯೇ ಬಾಗಿಲಿಗೆ ಬಂದು ನಿಂತಳು. "ಕಾಕಾ, ಅಪ್ಪನ್ನ ಒಮ್ಮೆ ತೋರಿಸ್ತೀರೇನ್ರಿ?"

ಮಾವ ನನ್ನ ಕೈ ಬಿಟ್ಟರು. ನಾನು ಸ್ವಿಚ್ ಒತ್ತಿದೆ. ಮೂರನೆಯ ಮಾನಿಟರು ಮಿಟುಕಿ ಬೆಳಗಿತು. ಮಾವ ವಿಡಿಯೊ ಹಾಕಿದರು. ಅವಳ ಅಪ್ಪ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದು ಗದರುತ್ತಿದ್ದರು: "ನನ್ನ ಯಾಕ ತೆಗೀತೀರಿ? ನನ್ನ ಮಗಳನ್ನ ತೆಗೀರಿ!"

ಹುಡುಗಿ ನಕ್ಕಳು, ನಗುತ್ತಲೇ ಅತ್ತಳು. "ಇನ್ನೊಮ್ಮೆ ಹಾಕ್ರಿ."

ಹೊರಗೆ ಗುಡುಗಿತು. ಗುಡುಗಿದರೆ ಮೊದಲು ವೈರು ಕಿತ್ತು ಆಮೇಲೆ ಉಸಿರಾಡುವ ಆಸಾಮಿ ನಮ್ಮ ಮಾವ. ವೈರಿನ ಕಡೆ ಒಮ್ಮೆ ನೋಡಿದರು. ಆದರೂ ಮತ್ತೆ ಹಾಕಿದರು. ಅವಳು ಸಾಕು ಎನ್ನುವವರೆಗೂ ಹಾಕುತ್ತಲೇ ಇರೋಣವೆಂದುಕೊಂಡರೋ ಏನೋ.

ಅವಳು ಸಾಕು ಎನ್ನಲೇ ಇಲ್ಲ.